ದಿನಕ್ಕೆ 6 ಶಿಲಿಂಗಿನ ಸಿಪಾಯಿ: ಆಸ್ಟ್ರೇಲಿಯಾದ ಹೊಲದ ಕೂಲಿಯಾಳು ಯುದ್ಧಕ್ಕೆ ಹೋದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾನಿರುವುದು ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದಲ್ಲಿ, ಗೋಧಿ ಬೆಳೆಯುವ ಸೀಮೆಯ ಒಂದು ಸಣ್ಣ ಊರಲ್ಲಿ. ಊರ ನಡುವೆ ಒಂದು ಕಲ್ಲಿನ ಕಂಬ ಇದೆ. ಮೊದಲ ಮಹಾಯುದ್ಧಕ್ಕೆ ಹೋದವರ ಹೆಸರುಗಳನ್ನು ಅದರ ಮೇಲೆ ಕೆತ್ತಿದ್ದಾರೆ. ಪಕ್ಕದ ಮನೆಯ ಅಜ್ಜಿಗೆ 90ರ ಹತ್ತಿರ ವಯಸ್ಸು, ಅವರ ತಂದೆಯ ಹೆಸರೂ ಅಲ್ಲಿದೆ. ತಂದೆಯ ಸೇನಾ ಫೈಲು ಕಂಪ್ಯೂಟರಿನಲ್ಲಿ ಸಿಗುತ್ತದಂತೆ, ಹುಡುಕಿಕೊಡುತ್ತೀಯಾ ಅಂತ ಕೇಳಿದರು. ಹುಡುಕಿದೆ, ಸಿಕ್ಕಿತು, ಇಬ್ಬರೂ ಕೂತು ಓದಿದೆವು. ಆಮೇಲೆ ನನಗೂ ಹುಚ್ಚು ಹತ್ತಿ ಕಂಬದ ಮೇಲಿನ ಸುಮಾರು ಹೆಸರುಗಳ ಫೈಲು ಓದಿದೆ. ಈ ವಿಷಯ ಹೇಳಿದಾಗಲೆಲ್ಲ ಊರಿನ ಗೆಳೆಯರು, ನೆಂಟರು, ಇಲ್ಲಿಯ ಕನ್ನಡದವರು ಅದೇ ಅದೇ ಪ್ರಶ್ನೆ ಕೇಳುತ್ತಾರೆ. ಒಂದು ಸಲ ಬರೆದಿಟ್ಟರೆ ಮುಗೀತು ಅಂತ ಬರೆಯುತ್ತಿದ್ದೇನೆ.

ಆಸ್ಟ್ರೇಲಿಯಾಕ್ಕೂ ಯುರೋಪಿನ ಯುದ್ಧಕ್ಕೂ ಏನು ಸಂಬಂಧ? ಒತ್ತಾಯದಿಂದ ಕಳಿಸಿದರಾ?

1914ರಲ್ಲಿ ಬ್ರಿಟನ್ ಯುದ್ಧಕ್ಕೆ ಇಳಿದಾಗ ಆಸ್ಟ್ರೇಲಿಯಾವೂ ಜೊತೆಯಲ್ಲೇ ಇಳಿಯಿತು. ಆದರೆ ಒತ್ತಾಯ ಇರಲಿಲ್ಲ. ದೇಶದ ಜನಸಂಖ್ಯೆ ಆಗ 50 ಲಕ್ಷವೂ ಇರಲಿಲ್ಲ, ಅದರಲ್ಲಿ 4,16,000ಕ್ಕೂ ಜಾಸ್ತಿ ಜನ ತಾವಾಗಿಯೇ ಹೆಸರು ಕೊಟ್ಟರು, ಸುಮಾರು 3,30,000 ಜನ ಹಡಗು ಹತ್ತಿದರು, 60,000ಕ್ಕೂ ಜಾಸ್ತಿ ಜನ ಸತ್ತರು. ಕಡ್ಡಾಯ ಸೇವೆ ತರಲೇ ಅಂತ ಸರ್ಕಾರ ಜನರನ್ನು ಎರಡು ಸಲ ಕೇಳಿತು, 1916ರ ಅಕ್ಟೋಬರಿನಲ್ಲಿ ಒಂದು ಸಲ, 1917ರ ಡಿಸೆಂಬರಿನಲ್ಲಿ ಇನ್ನೊಂದು ಸಲ. ಎರಡು ಸಲವೂ ಜನ ಬೇಡ ಅಂತ ವೋಟು ಹಾಕಿದರು.

ಹಾಗಾದರೆ ಕೂಲಿ ಮಾಡುವವನು ಯಾಕೆ ಹೋದ?

ಇಲ್ಲಿ ಎಲ್ಲರೂ ದೇಶಭಕ್ತಿಯ ಉತ್ತರ ಕಾಯುತ್ತಾರೆ. ಅದೂ ಇತ್ತು, ಇಲ್ಲ ಅನ್ನೋದಿಲ್ಲ. ಬೇಕಾದಷ್ಟು ಮನೆಗಳಲ್ಲಿ ಅಪ್ಪನೋ ಅಜ್ಜನೋ ಇಂಗ್ಲೆಂಡ್, ಸ್ಕಾಟ್ಲೆಂಡ್, ಐರ್ಲೆಂಡಿನಿಂದ ಬಂದವರೇ. ಆದರೆ 1914ರಲ್ಲಿ ಆಸ್ಟ್ರೇಲಿಯಾದಲ್ಲಿ ಭಾರೀ ಬರಗಾಲ ಬಿತ್ತು ಅನ್ನುವುದನ್ನು ಮರೆಯಬಾರದು. ಗೋಧಿ ಒಣಗಿತು. ಗೋಧಿ ಇಲ್ಲದಿದ್ದರೆ ಕೊಯ್ಲು ಇಲ್ಲ, ಕೊಯ್ಲು ಇಲ್ಲದಿದ್ದರೆ ಕೂಲಿ ಇಲ್ಲ. ಅದೇ ಹೊತ್ತಿಗೆ ಒಬ್ಬರು ಬಂದು ಊಟ ಕೊಡುತ್ತೇವೆ, ಬಟ್ಟೆ ಬೂಟು ಕೊಡುತ್ತೇವೆ, ದಿನಕ್ಕೆ 6 ಶಿಲಿಂಗ್ ಕೊಡುತ್ತೇವೆ, ಜೊತೆಗೆ ಹಡಗಿನಲ್ಲಿ ಲೋಕ ತೋರಿಸುತ್ತೇವೆ ಅಂದರೆ ಇಪ್ಪತ್ತೆರಡು ವರ್ಷದ ಹುಡುಗ ಏನು ಮಾಡುತ್ತಾನೆ, ನೀವೇ ಹೇಳಿ.

ಅಜ್ಜಿಯ ತಂದೆ ಸೇರಿದ್ದು 1916ರ ಜನವರಿಯಲ್ಲಿ. ಮಳೆ ಬಂದು 1915ರ ಕೊನೆಗೆ ಗೋಧಿ ಭರ್ಜರಿಯಾಗಿ ಬೆಳೆದಿತ್ತು. ಇಲ್ಲಿ ಕೊಯ್ಲು ನಡೆಯೋದು ನವೆಂಬರ್, ಡಿಸೆಂಬರಿನಲ್ಲಿ. ಅಂದರೆ ಪುಣ್ಯಾತ್ಮ ಕೊಯ್ಲು ಮುಗಿಸಿ, ಕೂಲಿ ಎಣಿಸಿಕೊಂಡು, ಆಮೇಲೆ ಸೇನೆಯ ಬಾಗಿಲಿಗೆ ಹೋಗಿದ್ದಾನೆ! ಅಜ್ಜಿಗೆ ಇದು ಗೊತ್ತಾದಾಗ ಸುಮಾರು ಹೊತ್ತು ನಕ್ಕರು.

ಇನ್ನು ಗುಂಪಿನ ಒತ್ತಡ. ನ್ಯೂ ಸೌತ್ ವೇಲ್ಸಿನ ಗಿಲ್ಗಂಡ್ರಾ ಅನ್ನುವ ಊರಿನಿಂದ 1915ರ ಅಕ್ಟೋಬರಿನಲ್ಲಿ ಇಪ್ಪತ್ತೈದು ಮೂವತ್ತು ಜನ ಸಿಡ್ನಿಗೆ ನಡೆದುಕೊಂಡೇ ಹೊರಟರು, ಐನೂರು ಕಿಲೋಮೀಟರಿಗೂ ಜಾಸ್ತಿ ದೂರ. ದಾರಿಯ ಊರೂರಲ್ಲಿ "ಕೂಯೀ" ಅಂತ ಕೂಗುತ್ತಾ ಹೋದರು. ಅದು ಇಲ್ಲಿ ಕಾಡಿನಲ್ಲಿ ದೂರದವರನ್ನು ಕರೆಯುವ ಕೂಗು, ನಾವು ಗುಡ್ಡದ ಮೇಲೆ ನಿಂತು "ಕೂ" ಹಾಕಿದ ಹಾಗೆ. ಸಿಡ್ನಿ ಮುಟ್ಟುವಾಗ 263 ಜನ ಆಗಿದ್ದರು. ಊರಿಗೆ ಊರೇ ಬೀದಿಯಲ್ಲಿ ನಿಂತು ನೋಡುವಾಗ ನಾನೊಬ್ಬ ಬರುವುದಿಲ್ಲ ಅನ್ನೋದು ಸುಲಭ ಅಲ್ಲ.

6 ಶಿಲಿಂಗ್ ಅಂದರೆ ಜಾಸ್ತಿನಾ?

ಬ್ರಿಟಿಷ್ ಸಿಪಾಯಿಗೆ ಆಗ ದಿನಕ್ಕೆ 1 ಶಿಲಿಂಗ್. ಈಗ ನೀವೇ ಲೆಕ್ಕ ಹಾಕಿ. ಇವರನ್ನು "ದಿನಕ್ಕೆ 6 ಶಿಲಿಂಗಿನ ಟೂರಿಸ್ಟುಗಳು" ಅಂತ ಗೇಲಿ ಮಾಡುತ್ತಿದ್ದರು. ಆದರೆ ಪೂರ್ತಿ 6 ಕೈಗೆ ಬರುತ್ತಿರಲಿಲ್ಲ. 1 ಶಿಲಿಂಗ್ ಹಿಡಿದಿಟ್ಟುಕೊಂಡು ಸೇವೆ ಮುಗಿದ ಮೇಲೆ ಕೊಡುತ್ತಿದ್ದರು. ಉಳಿದದ್ದರಲ್ಲಿ ಹೆಂಡತಿಗೋ ತಾಯಿಗೋ ಒಂದು ಪಾಲು ಬರೆದುಕೊಟ್ಟರೆ ಸೇನೆಯೇ ಅದನ್ನು ಮನೆಗೆ ತಲುಪಿಸುತ್ತಿತ್ತು.

ನನ್ನ ಮಾತು ಕೇಳಿದರೆ, ಈ ಫೈಲುಗಳನ್ನು ವೀರಗಾಥೆ ಅಂತ ಓದಬೇಡಿ, ಕೂಲಿ ಲೆಕ್ಕದ ಪುಸ್ತಕ ಅಂತ ಓದಿ. ಅದರಲ್ಲಿ ಇರೋದೂ ಅದೇ. ಯಾವ ದಿನ ಹಾಜರಿ, ಯಾವ ದಿನ ಆಸ್ಪತ್ರೆ, ಎಷ್ಟು ಕಡಿತ. ಯುದ್ಧದ ಬಗ್ಗೆ ಒಂದು ಸಾಲೂ ಇಲ್ಲದ ಫೈಲುಗಳಿವೆ, ಸಂಬಳ ಕಡಿತದ ಬಗ್ಗೆ ಒಂದು ಸಾಲೂ ಇಲ್ಲದ ಫೈಲು ಕಮ್ಮಿ.

"ಫಾರ್ಮ್ ಲೇಬರರ್" ಅಂತ ಇದ್ದರೆ ಜಮೀನು ಇರಲಿಲ್ಲ ಅಂತಾನಾ?

ಹಾಗೇನಿಲ್ಲ. ಸೇರುವಾಗ ತುಂಬುವ ಕಾಗದದಲ್ಲಿ ಉದ್ಯೋಗ ಏನು ಅಂತ ಒಂದು ಪ್ರಶ್ನೆ ಇತ್ತು. ಅಪ್ಪನ ಜಮೀನಿನಲ್ಲೇ ದುಡಿಯುವ ಎರಡನೇ ಮಗನೂ ಅಲ್ಲಿ ಫಾರ್ಮ್ ಲೇಬರರ್ ಅಂತ ಬರೆಸಿರಬಹುದು. ಬರೀ "ಲೇಬರರ್" ಅಂತ ಇರುವವನು ಹೊಲದಲ್ಲೇ ದುಡಿದಿರಬಹುದು. ಕುರಿ ದನದ ದೊಡ್ಡ ಎಸ್ಟೇಟಿನ ಆಳಾದರೆ "ಸ್ಟೇಷನ್ ಹ್ಯಾಂಡ್", ದನ ಹೊಡೆದುಕೊಂಡು ಹೋಗುವವನು "ಡ್ರೋವರ್", ಕುರಿ ಉಣ್ಣೆ ಕತ್ತರಿಸುವವನು "ಶೇರರ್". ಒಬ್ಬನೇ ಮನುಷ್ಯ ವರ್ಷದಲ್ಲಿ ಈ ನಾಲ್ಕೂ ಕೆಲಸ ಮಾಡುತ್ತಿದ್ದ. ಆ ದಿನ ಬಾಯಿಗೆ ಬಂದದ್ದನ್ನು ಬರೆಸಿದ, ಅಷ್ಟೇ.

ಇನ್ನೊಂದು ಮಾತು. ಆಸ್ಟ್ರೇಲಿಯಾದ ಸಿಪಾಯಿ ಅಂದರೆ ಟೋಪಿಯ ಒಂದು ಅಂಚು ಮೇಲಕ್ಕೆ ಮಡಚಿಕೊಂಡ ಹಳ್ಳಿ ಹೈದ ಅನ್ನುವ ಚಿತ್ರ ಇದೆಯಲ್ಲ, ಅದು ಅರ್ಧ ಕಟ್ಟುಕಥೆ. ಸೇರಿದವರಲ್ಲಿ ಪಟ್ಟಣದವರೇ ಜಾಸ್ತಿ.

ಯಾರು ಬೇಕಾದರೂ ಸೇರಬಹುದಿತ್ತಾ?

ಶುರುವಿನಲ್ಲಿ ಬಹಳ ಬಿಗಿ. ವಯಸ್ಸು 19ರಿಂದ 38, ಎತ್ತರ 5 ಅಡಿ 6 ಇಂಚು, ಎದೆ 34 ಇಂಚು. ಮೊದಲ ವರ್ಷ ಬಂದವರಲ್ಲಿ ಹೆಚ್ಚು ಕಡಿಮೆ ಮೂವರಲ್ಲಿ ಒಬ್ಬನನ್ನು ವಾಪಸ್ ಕಳಿಸಿದರು, ಹಲ್ಲು ಹುಳುಕು ಅಂತಲೂ ಕಳಿಸಿದರು. (ಜರ್ಮನ್ನರನ್ನು ಕಚ್ಚಬೇಕಾ ಅಂತ ಕೇಳಬೇಕಿತ್ತು.) ಜನ ಸಾಲದೆ ಬಂದ ಹಾಗೆ ಅಳತೆ ಇಳಿಯಿತು. 1915ರ ಜೂನಿನಲ್ಲಿ 5 ಅಡಿ 2 ಇಂಚು, 1917ರಲ್ಲಿ ಬರೀ 5 ಅಡಿ. 21 ತುಂಬದವರಿಗೆ ಅಪ್ಪ ಅಮ್ಮನ ಒಪ್ಪಿಗೆ ಕಾಗದ ಬೇಕಿತ್ತು, ಅದಕ್ಕೇ ವಯಸ್ಸು ಸುಳ್ಳು ಹೇಳಿದವರು ಬೇಕಾದಷ್ಟು ಜನ.

ಬಣ್ಣದ ಲೆಕ್ಕವೂ ಇತ್ತು. ಯುರೋಪಿನ ಮೂಲದವರಲ್ಲ ಅಂತ ಈ ನೆಲದ ಮೂಲನಿವಾಸಿಗಳನ್ನೇ ಬಾಗಿಲಲ್ಲೇ ವಾಪಸ್ ಕಳಿಸುತ್ತಿದ್ದರು. 1917ರಲ್ಲಿ, ಜನ ಸಿಗದೇ ಇದ್ದಾಗ, ತಂದೆ ತಾಯಿಯಲ್ಲಿ ಒಬ್ಬರು ಬಿಳಿಯರಾದರೆ ಸರಿ ಅಂತ ನಿಯಮ ಸಡಿಲಿಸಿದರು. ಹೇಗೋ ಮಾಡಿ ಸುಮಾರು ಒಂದು ಸಾವಿರ ಮೂಲನಿವಾಸಿಗಳು ಸೇರಿದರು. ಇಲ್ಲಿ ಕೂಲಿ, ತಿರುಗು ವ್ಯಾಪಾರ ಮಾಡಿಕೊಂಡಿದ್ದ ಕೆಲವು ಭಾರತೀಯರೂ, ಅದರಲ್ಲೂ ಪಂಜಾಬಿನವರು, ಇದೇ ಸೇನೆಯಲ್ಲಿ ಹೋಗಿದ್ದಾರೆ.

ಹಡಗಿನಲ್ಲಿ ಎಷ್ಟು ದಿನ?

ಈಜಿಪ್ಟಿಗಾದರೆ ಐದಾರು ವಾರ, ಇಂಗ್ಲೆಂಡಿಗಾದರೆ ಎರಡು ತಿಂಗಳ ಹತ್ತಿರ. ಎಷ್ಟೋ ಹಡಗುಗಳು ಕೊಲಂಬೊದಲ್ಲಿ ನಿಲ್ಲುತ್ತಿದ್ದವು. ಸಮುದ್ರವನ್ನೇ ನೋಡದ ಹುಡುಗ ನೇರ ಕೊಲಂಬೊ ಬಂದರಿನಲ್ಲಿ ಕಣ್ಣು ಬಿಟ್ಟರೆ ಹೇಗಿರಬೇಡ!

ಮೊದಲ ಹಡಗುಗಳ ಸಾಲು ಪಶ್ಚಿಮ ಆಸ್ಟ್ರೇಲಿಯಾದ ಆಲ್ಬನಿಯಿಂದ ಹೊರಟಿದ್ದು 1914ರ ನವೆಂಬರ್ 1ಕ್ಕೆ. ಆ ಸೆಪ್ಟೆಂಬರಿನಲ್ಲಷ್ಟೇ ಮದ್ರಾಸಿನ ಎಣ್ಣೆ ಟ್ಯಾಂಕುಗಳ ಮೇಲೆ ಗುಂಡು ಹಾರಿಸಿ ಊರನ್ನೇ ನಡುಗಿಸಿದ ಜರ್ಮನ್ ಹಡಗು ಎಮ್ಡೆನ್ ನೆನಪಿದೆಯಾ? ಅದು ಇದೇ ಸಮುದ್ರದಲ್ಲಿ ತಿರುಗುತ್ತಿತ್ತು. ನವೆಂಬರ್ 9ಕ್ಕೆ ಕೊಕೊಸ್ ದ್ವೀಪದ ಹತ್ತಿರ ಇವರ ಕಾವಲಿಗಿದ್ದ ಸಿಡ್ನಿ ಅನ್ನುವ ಯುದ್ಧನೌಕೆ ಅದನ್ನು ಹೊಡೆದು ಮುಗಿಸಿತು.

ಹಡಗಿನಲ್ಲಿ ಮಂಗನಬಾವು, ದಡಾರ ಬೇಗ ಹರಡುತ್ತಿದ್ದವು. ಅಜ್ಜಿಯ ತಂದೆಯ ಫೈಲಿನಲ್ಲಿ ಮೊದಲ ಆಸ್ಪತ್ರೆ ನಮೂದೇ ಮಂಗನಬಾವು. ಗಲ್ಲ ಊದಿಸಿಕೊಂಡು ಯುದ್ಧಕ್ಕೆ ಹೋದ ಮನುಷ್ಯ.

ಎಲ್ಲರೂ ಗಲಿಪೊಲಿಗೆ ಹೋದವರೇನಾ?

ಅಲ್ಲ. ಏಪ್ರಿಲ್ 25 ಇಲ್ಲಿ ಆನ್ಜಾಕ್ ದಿನ, ಅಂದರೆ ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಸಿಪಾಯಿಗಳನ್ನು ನೆನೆಯುವ ದಿನ, ರಜಾ ದಿನ. ಅದಕ್ಕೇ ಎಲ್ಲರೂ ಗಲಿಪೊಲಿ ಅಂತಲೇ ತಿಳಿದಿದ್ದಾರೆ. ತುರ್ಕಿಯ ಆ ದಡದಲ್ಲಿ ಇವರು ಇಳಿದದ್ದು 1915ರ ಏಪ್ರಿಲ್ 25ಕ್ಕೆ, ಅದೇ ಡಿಸೆಂಬರ್ 20ರ ಹೊತ್ತಿಗೆ ಗುಟ್ಟಾಗಿ ಜಾಗ ಖಾಲಿ ಮಾಡಿದರು. ಅಷ್ಟರಲ್ಲಿ ಆಸ್ಟ್ರೇಲಿಯಾದವರು 8,000ಕ್ಕೂ ಜಾಸ್ತಿ ಸತ್ತಿದ್ದರು. ಭಾರತದ ಸೈನಿಕರೂ ಅಲ್ಲಿದ್ದರು, ಹೇಸರಗತ್ತೆಯ ಮೇಲೆ ನೀರು, ಗುಂಡು ಸಾಗಿಸುತ್ತಿದ್ದವರಲ್ಲಿ ನಮ್ಮವರು ತುಂಬಾ ಜನ.

ಆದರೆ ಇದಕ್ಕಿಂತ ದೊಡ್ಡ ಸಾವು ನೋವು ಆದದ್ದು ಫ್ರಾನ್ಸ್ ಮತ್ತು ಬೆಲ್ಜಿಯಮ್ಮಿನಲ್ಲಿ. 1916ರ ಜುಲೈ 19ರ ಸಂಜೆ ಶುರುವಾದ ಫ್ರೊಮೆಲ್ ಕದನದಲ್ಲಿ ಒಂದೇ ರಾತ್ರಿಗೆ 5,533 ಜನ ಸತ್ತರು, ಗಾಯಗೊಂಡರು ಅಥವಾ ಸೆರೆ ಸಿಕ್ಕರು. ಆಮೇಲೆ ಪೋಜಿಯೇರ್ ಅನ್ನುವ ಹಳ್ಳಿ, ಆರು ವಾರದಲ್ಲಿ ಹೀಗೇ 23,000 ಸಾವು ನೋವು. ನೀವು ಓದುವ ಫೈಲಿನಲ್ಲಿ ಸೇರಿದ ವರ್ಷ 1916 ಅಂತ ಇದ್ದರೆ ಗಲಿಪೊಲಿಯನ್ನು ಬಿಟ್ಟುಬಿಡಿ, ಫ್ರಾನ್ಸ್ ಹುಡುಕಿ.

ಅಲ್ಲಿ ದಿನಾ ಏನು ಮಾಡುತ್ತಿದ್ದರು?

ಅಗೆಯುತ್ತಿದ್ದರು. ತಮಾಷೆ ಅಲ್ಲ. ಇವರಿಗೆ "ಡಿಗ್ಗರ್" ಅಂತಲೇ ಹೆಸರು. ಕಂದಕ ಅಗೆಯೋದು, ಕುಸಿದದ್ದನ್ನು ಮತ್ತೆ ಕಟ್ಟೋದು, ರಾತ್ರಿ ಕತ್ತಲಲ್ಲಿ ಮುಳ್ಳುತಂತಿ ಎಳೆಯೋದು, ಊಟ ನೀರು ಗುಂಡು ಹೊರೋದು. ಸಲಿಕೆ, ಬೇಲಿ ತಂತಿ, ಹೊರೆ, ಕುದುರೆ. ಹೊಲದಲ್ಲಿ ಮಾಡುತ್ತಿದ್ದ ಕೆಲಸವೇ, ಇಲ್ಲಿ ಮಾತ್ರ ತಲೆ ಎತ್ತಿದರೆ ಗುಂಡು ಬೀಳುತ್ತಿತ್ತು. ಸದಾ ಮುಂದಿನ ಸಾಲಿನಲ್ಲೇ ಇರುತ್ತಿರಲಿಲ್ಲ. ಕೆಲವು ದಿನ ಮುಂದೆ, ಕೆಲವು ದಿನ ಹಿಂದೆ, ಕೆಲವು ದಿನ ಇನ್ನೂ ಹಿಂದಿನ ಹಳ್ಳಿಯಲ್ಲಿ. ಹಿಂದೆ ಬಂದರೂ ರಸ್ತೆ ರಿಪೇರಿ ತಪ್ಪುತ್ತಿರಲಿಲ್ಲ.

ಕುದುರೆ ಗೊತ್ತಿದ್ದವರನ್ನು ಫಿರಂಗಿ ದಳದಲ್ಲಿ "ಡ್ರೈವರ್" ಮಾಡುತ್ತಿದ್ದರು. ಫೈಲಿನಲ್ಲಿ ಡ್ರೈವರ್ ಅಂತ ಕಂಡರೆ ಲಾರಿ ಅಂದುಕೊಳ್ಳಬೇಡಿ. ಒಂದು ಫಿರಂಗಿ ಎಳೆಯಲು ಆರು ಕುದುರೆ, ಎರಡೆರಡರ ಮೂರು ಜೋಡಿ, ಒಂದೊಂದು ಜೋಡಿಗೆ ಒಬ್ಬ ಸವಾರ. ಅವನು ಎಡಗಡೆಯ ಕುದುರೆಯ ಮೇಲೆ ಕೂತು ಬಲಗಡೆಯದ್ದನ್ನೂ ನಡೆಸಬೇಕು. ಆರು ಕುದುರೆ ಕಟ್ಟಿ ನೇಗಿಲು ಹೊಡೆದವನಿಗೆ ಇದನ್ನು ಯಾರೂ ಹೊಸದಾಗಿ ಕಲಿಸಬೇಕಿರಲಿಲ್ಲ.

ಊಟ ಅಂದರೆ ಡಬ್ಬಿಯ ದನದ ಮಾಂಸ, ಜಾಮು, ಮತ್ತು ಒಂದು ಬಿಸ್ಕತ್ತು. ಬಿಸ್ಕತ್ತು ಅಂದರೆ ಟೀಯಲ್ಲಿ ಅದ್ದಿ ತಿನ್ನುವಂಥದ್ದಲ್ಲ, ಹೆಂಚಿನ ಚೂರು. ಕಲ್ಲಿನಿಂದ ಕುಟ್ಟಿ ಪುಡಿ ಮಾಡಿ ನೀರು ಹಾಕಿ ಗಂಜಿ ಮಾಡಿಕೊಳ್ಳುತ್ತಿದ್ದರು. ಚಳಿಗಾಲದಲ್ಲಿ ಕೆಸರಲ್ಲಿ ನಿಂತು ನಿಂತು ಕಾಲು ಕೊಳೆಯುತ್ತಿತ್ತು. ಅದಕ್ಕೆ ತಿಮಿಂಗಿಲದ ಎಣ್ಣೆ ತಿಕ್ಕಿಕೊಳ್ಳಬೇಕಿತ್ತು. ಫೈಲಿನಲ್ಲಿ "ಟ್ರೆಂಚ್ ಫೀಟ್" ಅಂತ ಕಂಡರೆ ಅದೇ ಇದು.

ಫೈಲಿನಲ್ಲಿ "ಎಡಬ್ಲ್ಯೂಎಲ್" ಅಂತ ಇದೆ. ಓಡಿಹೋಗಿದ್ದನಾ? ಗುಂಡಿಟ್ಟು ಕೊಲ್ಲುತ್ತಿದ್ದರಾ?

ಮನೆಯವರು ಗಾಬರಿಯಾಗಿ ಕೇಳುವ ಪ್ರಶ್ನೆ ಇದು. ಅಪ್ಪಣೆ ಇಲ್ಲದೆ ಗೈರುಹಾಜರಿ ಅಂತ ಅದರ ಅರ್ಥ. ಲಂಡನ್ನಿಗೆ ರಜೆಗೆ ಹೋದವನು ಎರಡು ದಿನ ತಡವಾಗಿ ಬಂದರೂ ಅದೇ. ನಮ್ಮ ಅಜ್ಜಿಯ ತಂದೆ ಮೂರು ದಿನ ತಡ, ದಂಡ 14 ದಿನದ ಸಂಬಳ. ತಂದೆ ಎಂದೂ ನಿಯಮ ಮುರಿಯದವರು ಅಂತ ಅಜ್ಜಿ ನಂಬಿದ್ದರಂತೆ. ನೋಡಿದ್ದೇ "ಅಂತೂ ಒಂದು ಸಲ ಮಜಾ ಮಾಡಿದ್ದಾರೆ" ಅಂದರು.

ನಿಜವಾಗಿ ಓಡಿಹೋದವರೂ ಇದ್ದರು. ಈ ಯುದ್ಧದಲ್ಲಿ 121 ಆಸ್ಟ್ರೇಲಿಯನ್ನರಿಗೆ ಸೇನಾ ಕೋರ್ಟು ಮರಣದಂಡನೆ ಹಾಕಿತು, ಆದರೆ ಒಬ್ಬನನ್ನೂ ಕೊಲ್ಲಲಿಲ್ಲ. 1903ರ ಆಸ್ಟ್ರೇಲಿಯಾದ ಕಾನೂನಿನ ಪ್ರಕಾರ ಅದಕ್ಕೆ ಗವರ್ನರ್ ಜನರಲ್ ಒಪ್ಪಿಗೆ ಬೇಕಿತ್ತು, ಅದು ಸಿಗಲಿಲ್ಲ. ಬ್ರಿಟಿಷ್ ಸೇನಾಧಿಕಾರಿಗಳಿಗೆ ಇದರಿಂದ ಭಾರೀ ಸಿಟ್ಟು.

"ವಿಡಿ" ಅಂದರೆ?

ಲೈಂಗಿಕ ರೋಗ. ಇಂಥ ಹತ್ತಾರು ಸಾವಿರ ಪ್ರಕರಣಗಳಿದ್ದವು. ಆಸ್ಪತ್ರೆಯಲ್ಲಿದ್ದಷ್ಟು ದಿನ ಸಂಬಳವೂ ಕಟ್. ಮುದುಕರ ಜೊತೆ ಕೂತು ಫೈಲು ಓದುವ ಮುಂಚೆ ನೀವೊಬ್ಬರೇ ಒಮ್ಮೆ ಓದಿಕೊಳ್ಳಿ. ಇಷ್ಟು ಸಾಕು.

ನಡುವೆ ಮನೆಗೆ ಬರುತ್ತಿದ್ದರಾ?

ಇಲ್ಲ. ಇಂಗ್ಲೆಂಡಿನ ಸಿಪಾಯಿ ರಜೆ ಸಿಕ್ಕರೆ ರೈಲು, ಹಡಗು ಹತ್ತಿ ಅಮ್ಮನ ಕೈ ಊಟ ಉಣ್ಣುತ್ತಿದ್ದ. ಇವರಿಗೆ ಮನೆ ಎರಡು ತಿಂಗಳ ದಾರಿ. ಕೈಕಾಲು ಕಳೆದುಕೊಂಡರೆ ಮಾತ್ರ ವಾಪಸ್ ಅನ್ನುವ ಸ್ಥಿತಿ. 1914ರಲ್ಲೇ ಸೇರಿದವರಿಗೆ ಮನೆಗೆ ಹೋಗುವ ರಜೆ ಅಂತ ಸಿಕ್ಕಿದ್ದು 1918ರ ಕೊನೆಯಲ್ಲಿ, ಅಷ್ಟರಲ್ಲಿ ಯುದ್ಧವೇ ಮುಗಿಯುತ್ತಾ ಬಂದಿತ್ತು.

ಕುದುರೆಗಳ ಕಥೆ ಏನು? ಮೈಸೂರಿಗೂ ಇದಕ್ಕೂ ನಂಟಿದೆಯಂತಲ್ಲ?

ಇದೆ. ನ್ಯೂ ಸೌತ್ ವೇಲ್ಸಿನ ಹೆಸರಿನಿಂದ "ವೇಲರ್" ಅಂತ ಕರೆಸಿಕೊಂಡ ಕುದುರೆಗಳು ಮೊದಲ ಮಹಾಯುದ್ಧಕ್ಕೂ ಎಷ್ಟೋ ದಶಕ ಮುಂಚಿನಿಂದ ಭಾರತದ ಸೇನೆಗೆ ಮಾರಾಟವಾಗುತ್ತಿದ್ದವು. ಇನ್ನು ಪ್ಯಾಲೆಸ್ಟೈನ್. 1917ರ ಅಕ್ಟೋಬರ್ 31ರ ಸಂಜೆ ಬೀರ್‌ಶೆಬಾ ಬಾವಿಗಳ ನೀರು ಸಿಗದಿದ್ದರೆ ಕುದುರೆಗಳು ಉಳಿಯುವುದಿಲ್ಲ ಅನ್ನುವಾಗ ಆಸ್ಟ್ರೇಲಿಯಾದ ಲೈಟ್ ಹಾರ್ಸ್ ಸವಾರರು ಕತ್ತಿ ಇಲ್ಲದೆ ಬರೀ ಬಯೊನೆಟ್ ಕೈಯಲ್ಲಿ ಹಿಡಿದು ತುರ್ಕರ ಕಂದಕಗಳ ಮೇಲೆ ನುಗ್ಗಿದರು. ಮರುವರ್ಷ, 1918ರ ಸೆಪ್ಟೆಂಬರ್ 23ಕ್ಕೆ, ಮೈಸೂರು ಮತ್ತು ಜೋಧಪುರದ ಈಟಿ ಹಿಡಿದ ಕುದುರೆ ಸವಾರರು, ಅಂದರೆ ಲ್ಯಾನ್ಸರ್‌ಗಳು ಹೈಫಾ ಗೆದ್ದರು. ಆಗ ಲೈಟ್ ಹಾರ್ಸ್ ಮತ್ತು ಈ ಲ್ಯಾನ್ಸರ್‌ಗಳು ಇದ್ದದ್ದು ಒಂದೇ ದೊಡ್ಡ ಪಡೆಯಲ್ಲಿ, ಅದರ ಮುಖ್ಯಸ್ಥ ಹ್ಯಾರಿ ಶೊವೆಲ್ ಅನ್ನುವ ಆಸ್ಟ್ರೇಲಿಯಾದವನು. ಬೆಂಗಳೂರಿನ ಜೆ.ಸಿ. ನಗರದ ಕಡೆ ಮೈಸೂರು ಲ್ಯಾನ್ಸರ್ಸ್ ಸ್ಮಾರಕ ಇದೆ, ಆ ದಾರಿಯಲ್ಲಿ ಹೋದರೆ ಒಮ್ಮೆ ನಿಂತು ನೋಡಿ.

ಆಸ್ಟ್ರೇಲಿಯಾದಿಂದ ಹೊರಗೆ ಹೋದ ಕುದುರೆಗಳು ಸುಮಾರು 1,36,000. ವಾಪಸ್ ಬಂದದ್ದು ಒಂದೇ ಒಂದು, ಸ್ಯಾಂಡಿ ಅಂತ, ಗಲಿಪೊಲಿಯಲ್ಲಿ ಗುಂಡೇಟು ಬಿದ್ದು ಆಮೇಲೆ ಸತ್ತ ಜನರಲ್ ಬ್ರಿಜಸ್ ಅವರ ಕುದುರೆ. ರೋಗದ ಭಯ, ಹಡಗಿನ ಖರ್ಚು. ಉಳಿದವುಗಳಲ್ಲಿ ಚೆನ್ನಾಗಿದ್ದವು ಬ್ರಿಟಿಷ್, ಭಾರತೀಯ ಸೇನೆಗೆ ಹೋದವು, ಮುದಿಯಾದವನ್ನು ಗುಂಡಿಕ್ಕಿ ಕೊಂದರು.

ಸತ್ತರೆ ಮನೆಗೆ ಹೇಗೆ ತಿಳಿಸುತ್ತಿದ್ದರು?

ಸಾವಿನ ಸುದ್ದಿಯನ್ನು ಊರಿನ ಪಾದ್ರಿಯ ಕೈಯಲ್ಲಿ ಮನೆಗೆ ಕಳಿಸುತ್ತಿದ್ದರು. ಹಾಗಾಗಿ ವಾರದ ನಡುವೆ ಪಾದ್ರಿ ಬೀದಿಯಲ್ಲಿ ಕಂಡರೆ ಹೆಂಗಸರಿಗೆ ಎದೆ ಒಡೆದ ಹಾಗೆ ಆಗುತ್ತಿತ್ತು. ಯಾರ ಮನೆ ಗೇಟಿನ ಮುಂದೆ ನಿಲ್ಲುತ್ತಾನೆ ಅಂತ ಎಲ್ಲರ ಕಣ್ಣೂ ಅಲ್ಲೇ.

ಹೆಣ ತರುತ್ತಿರಲಿಲ್ಲ, ಅಲ್ಲೇ ಹೂಳುತ್ತಿದ್ದರು. ಸಮಾಧಿ ಕಲ್ಲಿನ ಕೆಳಗೆ ಮನೆಯವರು ಒಂದು ಸಾಲು ಬರೆಸಬಹುದಿತ್ತು, ಜಾಗ ಬಿಟ್ಟದ್ದೂ ಸೇರಿ 66 ಅಕ್ಷರದೊಳಗೆ. ಹೆಣವೇ ಸಿಗದವರ ಹೆಸರು ದೊಡ್ಡ ಗೋಡೆಗಳ ಮೇಲಿವೆ, ಫ್ರಾನ್ಸಿನ ವಿಲೆರ್ ಬ್ರೆಟೊನೊದಲ್ಲಿ 10,000ಕ್ಕೂ ಜಾಸ್ತಿ. ಫ್ರೊಮೆಲ್ ಹತ್ತಿರ ಸಾಮೂಹಿಕ ಗುಂಡಿಗಳಿಂದ 250 ಜನರ ಅವಶೇಷ ಹೊರತೆಗೆದದ್ದು 2009ರಲ್ಲಿ.

ವಾಪಸ್ ಬಂದವರಿಗೆ ಸರ್ಕಾರ ಜಮೀನು ಕೊಟ್ಟಿತಂತಲ್ಲ?

ಕೊಟ್ಟಿತು, ಸಾಲದ ಮೇಲೆ. ಕೂಲಿಯವನಿಗೆ ಸ್ವಂತ ಜಮೀನು ಅಂದರೆ ಜೀವಮಾನದ ಆಸೆ, ಹತ್ತಾರು ಸಾವಿರ ಜನ ಮುಗಿಬಿದ್ದರು. ಆದರೆ ತುಂಡುಗಳು ಸಣ್ಣವು. ಜಮೀನು ಕೊಂಡದ್ದು ದುಬಾರಿ ಕಾಲದಲ್ಲಿ, ಬೆಳೆ ಮಾರುವ ಹೊತ್ತಿಗೆ ಗೋಧಿ ಬೆಲೆ ನೆಲಕ್ಕೆ. ಮಳೆ ಕಮ್ಮಿ ಇರುವ ಮ್ಯಾಲಿ ಸೀಮೆಯಲ್ಲಿ ಪೊದೆ ಕಿತ್ತು ಹೊಲ ಮಾಡಿದರೆ ಮೇಲ್ಮಣ್ಣೇ ಗಾಳಿಗೆ ಹಾರಿಹೋಯಿತು. 1929ರಲ್ಲಿ ಜಸ್ಟಿಸ್ ಪೈಕ್ ಅನ್ನುವವರು ವರದಿ ಕೊಟ್ಟಾಗ ಸರ್ಕಾರಕ್ಕೆ ಆದ ನಷ್ಟ 2 ಕೋಟಿ 30 ಲಕ್ಷ ಪೌಂಡಿಗೂ ಜಾಸ್ತಿ. ಸರ್ಕಾರದ ನಷ್ಟಕ್ಕಾದರೂ ಲೆಕ್ಕ ಇದೆ, ರಾತ್ರೋರಾತ್ರಿ ಗಾಡಿ ಕಟ್ಟಿಕೊಂಡು ಹೊರಟವರದ್ದಕ್ಕೆ ಲೆಕ್ಕವಿಲ್ಲ. ಮೂಲನಿವಾಸಿ ಸಿಪಾಯಿಗಳಿಗಂತೂ ಈ ಜಮೀನು ಸಿಕ್ಕಿದ್ದೇ ಇಲ್ಲ ಅನ್ನುವಷ್ಟು ಕಮ್ಮಿ.

ಎರಡನೇ ಮಹಾಯುದ್ಧದಲ್ಲೂ ಹೀಗೇನಾ?

ಅದು ಬೇರೆಯೇ ಕಥೆ. ಲಿಬಿಯಾದ ಟೊಬ್ರುಕ್, ಸಿಂಗಾಪುರದಲ್ಲಿ ಸೆರೆ, ನ್ಯೂಗಿನಿಯ ಕಾಡು. ಒಂದು ಮಾತ್ರ ಹೇಳುತ್ತೇನೆ. ಆಗ ಹೊಲದಲ್ಲಿ ಆಳಿಲ್ಲದೆ ಇಟಲಿಯ ಯುದ್ಧಕೈದಿಗಳನ್ನು ತಂದು ದುಡಿಸಿದರು. ಅವರಲ್ಲಿ ಸಾವಿರಾರು ಜನ ಬಂದದ್ದು ಭಾರತದ ಕ್ಯಾಂಪುಗಳಿಂದ. ಬೆಂಗಳೂರಿನಲ್ಲೂ ಅಂಥ ಕ್ಯಾಂಪುಗಳಿದ್ದವು.

ಫೈಲು ಹುಡುಕೋದು ಹೇಗೆ?

ಆಸ್ಟ್ರೇಲಿಯಾದ ನ್ಯಾಷನಲ್ ಆರ್ಕೈವ್ಸ್ ಮೊದಲ ಮಹಾಯುದ್ಧದ ಫೈಲುಗಳನ್ನು ಸ್ಕ್ಯಾನ್ ಮಾಡಿ ಇಟ್ಟಿದೆ, ದುಡ್ಡು ಕೊಡಬೇಕಿಲ್ಲ. ಸರಣಿಯ ಹೆಸರು ಬಿ2455. ಹೆಸರಿನ ಕಾಗುಣಿತ ಬದಲಾಯಿಸಿ ಬದಲಾಯಿಸಿ ಹುಡುಕಿ, ಗುಮಾಸ್ತ ಕೇಳಿಸಿಕೊಂಡ ಹಾಗೆ ಬರೆದಿರುತ್ತಾನೆ. ಕ್ಯಾನ್‌ಬೆರಾದ ವಾರ್ ಮೆಮೋರಿಯಲ್ಲಿನಲ್ಲಿ ಹಡಗು ಹತ್ತಿದವರ ಪಟ್ಟಿ, ದಳಗಳ ದಿನಚರಿ ಇವೆ. ಕಾಣೆಯಾದವನಾಗಿದ್ದರೆ ರೆಡ್ ಕ್ರಾಸ್ ವಿಚಾರಣೆಯ ಕಾಗದಗಳನ್ನೂ ನೋಡಿ. ವೆರಾ ಡೀಕಿನ್ ಅನ್ನುವ ಆಸ್ಟ್ರೇಲಿಯಾದ ಹೆಣ್ಣುಮಗಳು 1915ರಲ್ಲಿ ಕೈರೋದಲ್ಲಿ ಶುರು ಮಾಡಿದ ಕಚೇರಿ ಅದು. ಜೊತೆಗಿದ್ದವರನ್ನು ಹುಡುಕಿ ಕೇಳಿ ಬರೆದುಕೊಂಡದ್ದು, ಯಾವ ಗುಂಡಿಯಲ್ಲಿ ಬಿದ್ದ, ಕೊನೆಗೆ ಏನು ಹೇಳಿದ, ಎಲ್ಲ ಇರುತ್ತದೆ.

ಒಂದು ಗುಟ್ಟು. ಫೈಲಿನ ಕೊನೆಯ ಪುಟಗಳನ್ನು ಬಿಡಬೇಡಿ. ಯುದ್ಧ ಮುಗಿದು ಎಷ್ಟೋ ವರ್ಷದ ಮೇಲಿನ ಕಾಗದಗಳು ಅಲ್ಲಿರುತ್ತವೆ. ಅಜ್ಜಿಯ ತಂದೆಯ ಫೈಲಿನ ಕೊನೆಯಲ್ಲಿ 1932ರ ಒಂದು ಪತ್ರ ಇದೆ, ಪೆನ್ಸಿಲಿನಲ್ಲಿ, ಅವರದ್ದೇ ಕೈಬರಹ. ಬಿಡುಗಡೆ ಪತ್ರ ಇಲಿ ತಿಂದಿದೆ, ಇನ್ನೊಂದು ಪ್ರತಿ ಕಳಿಸಿ, ರಸ್ತೆ ಕೆಲಸಕ್ಕೆ ಯುದ್ಧದಿಂದ ಬಂದವರನ್ನು ಮೊದಲು ತೆಗೆದುಕೊಳ್ಳುತ್ತಾರಂತೆ, ತೋರಿಸಬೇಕು. ಜೊತೆಗೆ ಒಂದು ಫಾರಂ. ಅದರಲ್ಲಿ ಉದ್ಯೋಗ ಅನ್ನುವ ಕಡೆ "ಲೇಬರರ್" ಅಂತ ಬರೆದಿದ್ದಾರೆ. ಅಜ್ಜಿ ಆ ಪುಟ ಒಂದನ್ನೇ ಪ್ರಿಂಟ್ ತೆಗೆಸಿಕೊಂಡರು.